ಸಂಶೋಧಕರ ಮಾತಿನಲ್ಲಿ ಕಳಚಿಬೀಳುವ ಪದ

ವಿಜ್ಞಾನದ ಹೊಸ ಶೋಧಗಳನ್ನು ವಿವರಿಸುವ ಪ್ರಬಂಧಗಳನ್ನು ಓದುವವರು ಆಯಾ ಶಾಸ್ತ್ರವನ್ನು ಬಲ್ಲ ಕೆಲವೇ ಮಂದಿ. ಉಳಿದ ಲಕ್ಷಾಂತರ ಜನರಿಗೆ ಆ ಶೋಧ ತಲುಪುವುದು ಸಂಶೋಧಕರೊಡನೆ ಪತ್ರಕರ್ತರು ನಡೆಸುವ ಸಂಭಾಷಣೆಯ ಮೂಲಕ. ಆದ್ದರಿಂದ ಇಂತಹ ಸಂಭಾಷಣೆಯನ್ನೂ ಒಂದು ಬರವಣಿಗೆಯ ಪ್ರಕಾರವೆಂದು ಪರಿಗಣಿಸಿ ಅದರ ಗುಣದೋಷಗಳನ್ನು ವಿವೇಚಿಸುವುದು ಅಗತ್ಯ. ಕಾವ್ಯಕ್ಕೆ ವಿಮರ್ಶಕರಿದ್ದಾರೆ, ನಾಟಕಕ್ಕಿದ್ದಾರೆ, ಚಲನಚಿತ್ರಕ್ಕೂ ಇದ್ದಾರೆ. ಶೋಧದ ಸುದ್ದಿಗೆ ಮಾತ್ರ ಚಪ್ಪಾಳೆ ತಟ್ಟುವವರೇ ಹೆಚ್ಚು, ತೂಗಿ ನೋಡುವವರು ವಿರಳ.

ಈ ವಿವೇಚನೆಗೆ ಬೇಕಾದ ಸಾಮಗ್ರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳನ್ನು ಜನರು ಕಾರ್ಖಾನೆಗಳ, ಕಂಪ್ಯೂಟರ್ ಕಂಪನಿಗಳ ನೆಲೆಗಳೆಂದು ಬಲ್ಲರು. ಆದರೆ ಈ ಮೂರು ಸ್ಥಳಗಳಿಂದಲೇ ಕಳೆದ ಎರಡು ದಶಕಗಳಲ್ಲಿ ಜಗತ್ತು ಕಿವಿಗೊಟ್ಟು ಕೇಳಿದ ಶೋಧದ ಸುದ್ದಿಗಳು ಹೊರಟಿವೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂಶೋಧಕರ ವಾಕ್ಯದಲ್ಲಿ ಅದರ ಮಿತಿಯನ್ನು ಹೇಳುವ ಒಂದು ಪದ ಇದ್ದೇ ಇರುತ್ತದೆ: ‘ಇಷ್ಟು ಆಳದವರೆಗೆ’, ‘ಈ ಜಾಗದಲ್ಲಿ’, ‘ಕರಡು’, ‘ತೋರುತ್ತದೆ’. ಮಾತು ಬಾಯಿಂದ ಬಾಯಿಗೆ ಸಾಗುವಾಗ ಮೊದಲು ಕಳಚಿಬೀಳುವುದು ಆ ಪದವೇ. ಅದು ಬಿದ್ದ ಮೇಲೆ ಉಳಿಯುವ ವಾಕ್ಯ ಸುಳ್ಳಲ್ಲವಾದರೂ ಸತ್ಯದ ತೂಕ ಅದಕ್ಕೆ ಇರುವುದಿಲ್ಲ.

ಮೊದಲು ಪೀಣ್ಯವನ್ನು ನೋಡಬಹುದು. 1970ರ ದಶಕದ ಆರಂಭದಲ್ಲಿ, ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದ ತಂಡ ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಯಶಸ್ಸಿನ ಕಥೆಯ ಒಳಗೇ ಈ ಸಂಗತಿಯೂ ದಾಖಲಾಗಿರುವುದರಿಂದ ಆ ಕಥೆಯ ಬೆಲೆ ಕಡಿಮೆಯಾಗಿಲ್ಲ. ಇಂದು ಅದೇ ಪೀಣ್ಯದಲ್ಲಿ ಇಸ್ರೋದ ‘ಲಿಯೋಸ್’ ಎಂಬ ಪ್ರಯೋಗಾಲಯವೂ, ಚಂದ್ರಯಾನ ನೌಕೆಗಳಿಗೆ ಆದೇಶಗಳನ್ನು ರವಾನಿಸಿದ ‘ಇಸ್ಟ್ರಾಕ್’ ನಿಯಂತ್ರಣ ಕೇಂದ್ರವೂ ಇವೆ.

ಚಂದ್ರಯಾನ-1 ಹಾರಿದ್ದು 2008ರ ಅಕ್ಟೋಬರ್ 22ರಂದು. 2009ರ ಆಗಸ್ಟ್ 29ರಂದು ಅದರೊಡನೆ ಸಂಪರ್ಕ ಕಡಿಯಿತು. ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 24ರಂದು, ನೌಕೆಯಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮೇಲ್ಮೈಯಲ್ಲಿ ನೀರಿನ ಗುರುತನ್ನು ಕಂಡಿದೆ ಎಂಬ ಪ್ರಕಟಣೆ ಹೊರಬಿತ್ತು. ಆ ಉಪಕರಣದ ತಂಡದ ಮುಖ್ಯಸ್ಥೆ ಕಾರ್ಲಿ ಪೀಟರ್ಸ್ ಅಂದು ಆಡಿದ ಮಾತು ಈ ಪ್ರಕಾರದ ಸಂಭಾಷಣೆಗೆ ಮಾದರಿಯಾಗಬಲ್ಲದು. ಚಂದ್ರನ ಮೇಲೆ ನೀರು ಎಂದಾಗ ಸರೋವರವನ್ನಾಗಲಿ ಸಮುದ್ರವನ್ನಾಗಲಿ ಸಣ್ಣ ಹೊಂಡವನ್ನಾಗಲಿ ಕಲ್ಪಿಸಿಕೊಳ್ಳಬಾರದು, ನೆಲದ ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ಕಲ್ಲು ಧೂಳುಗಳೊಡನೆ ಬೆರೆತ ನೀರಿನ ಮತ್ತು ಹೈಡ್ರಾಕ್ಸಿಲ್‌ನ ಅಣುಗಳು ಎಂದಷ್ಟೇ ಅದರ ಅರ್ಥ ಎಂದು ಅವರೇ ಮುಂದಾಗಿ ಹೇಳಿದರು. ಪ್ರಶ್ನೆ ಬರುವ ಮೊದಲೇ ಮಿತಿಯನ್ನು ತಾವೇ ಗೆರೆ ಎಳೆದು ತೋರಿಸುವುದು ಸಂಶೋಧಕರ ಪ್ರಾಮಾಣಿಕತೆಯ ಲಕ್ಷಣ.

ಚಂದ್ರಯಾನ-1ರಿಂದ ಬೇರ್ಪಟ್ಟು 2008ರ ನವೆಂಬರ್ 14ರಂದು ಚಂದ್ರನಿಗೆ ಅಪ್ಪಳಿಸಿದ ಶೋಧಕದಲ್ಲಿ ತಿರುವನಂತಪುರದ ವಿಜ್ಞಾನಿಗಳ ಉಪಕರಣವೂ ಇತ್ತು. ಅದರ ಫಲಿತಾಂಶ 2010ರಲ್ಲಿ ಪ್ರಬಂಧವಾಗಿ ಬಂದಾಗ, ನೀರಿಗೆ ‘ನೇರ’ ಸಾಕ್ಷ್ಯ ಎಂಬ ಶೀರ್ಷಿಕೆಯಲ್ಲಿ ‘ನೇರ’ ಎಂಬ ಪದವನ್ನು ಕರ್ತೃಗಳು ಉದ್ಧರಣ ಚಿಹ್ನೆಗಳ ಒಳಗೆ ಇಟ್ಟಿದ್ದರು. ಆ ಎರಡು ಚಿಹ್ನೆಗಳಲ್ಲಿ ಎಷ್ಟು ಸಂಕೋಚ, ಎಷ್ಟು ಎಚ್ಚರ ಅಡಗಿದೆ! ಆಡುಮಾತಿನಲ್ಲಿ ಚಿಹ್ನೆಗಳು ಕೇಳಿಸುವುದಿಲ್ಲ. ‘ಚಂದ್ರನಲ್ಲಿ ನೀರು’ ಎಂಬ ಎರಡೇ ಪದಗಳು ಊರೂರು ಸುತ್ತಿದವು. 2009ರಲ್ಲಿ ಕಂಡ ಗುರುತಿನಲ್ಲಿ ಹೈಡ್ರಾಕ್ಸಿಲ್ ಎಷ್ಟು, ನಿಜವಾದ ನೀರೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ಬಿಸಿಲು ಬೀಳುವ ಒಂದು ಪ್ರದೇಶದಲ್ಲಿ ನೀರಿನ ಅಣುವನ್ನೇ ಬೇರೆಯಾಗಿ ಗುರುತಿಸಿದ ಫಲಿತಾಂಶ, ವಿಮಾನದಲ್ಲಿ ಇರಿಸಿದ ‘ಸೋಫಿಯಾ’ ದೂರದರ್ಶಕದಿಂದ ಪ್ರಕಟವಾದದ್ದು 2020ರ ಅಕ್ಟೋಬರ್‌ನಲ್ಲಿ. ಸಂದರ್ಶನ ಒಂದು ದಿನದಲ್ಲಿ ಮುಗಿಯಿತು. ಪ್ರಶ್ನೆ ಹನ್ನೊಂದು ವರ್ಷ ನಡೆಯಿತು.

ಚಂದ್ರಯಾನ-3ರ ಕಾಲಕ್ಕೆ ಮಾತಿನ ವೇಗ ಇನ್ನೂ ಹೆಚ್ಚಿತ್ತು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದ ಸ್ಥಳ ದಕ್ಷಿಣ ಅಕ್ಷಾಂಶ ಸುಮಾರು 69 ಡಿಗ್ರಿಯಲ್ಲಿದೆ. ಅಲ್ಲಿಂದ ಧ್ರುವಬಿಂದುವಿಗೆ 600 ಕಿಲೋಮೀಟರಿಗೂ ಮಿಕ್ಕಿದ ದೂರ, ಎಂದರೆ ಬೆಂಗಳೂರಿನಿಂದ ಬೆಳಗಾವಿಗೆ ಇರುವುದಕ್ಕಿಂತ ಹೆಚ್ಚು. ‘ದಕ್ಷಿಣ ಧ್ರುವದ ದಿಕ್ಕಿನಲ್ಲಿ, ಅದುವರೆಗೆ ಯಾರೂ ಇಳಿಯದಷ್ಟು ಸಮೀಪದಲ್ಲಿ’ ಎಂಬುದು ಆಗಿನ ಸರಿಯಾದ ಮಾತು, ಮತ್ತು ಹೆಮ್ಮೆಗೆ ಅಷ್ಟೇ ಸಾಕಾಗಿತ್ತು. ಉತ್ಸಾಹದಲ್ಲಿ ಅದು ‘ದಕ್ಷಿಣ ಧ್ರುವ’ವೇ ಆಯಿತು.

ನಾಲ್ಕು ದಿನಗಳ ಬಳಿಕ ನೆಲದ ಉಷ್ಣತೆಯ ಮೊದಲ ನಕ್ಷೆ ಪ್ರಕಟವಾಯಿತು. ವಿಕ್ರಮ್‌ನಲ್ಲಿದ್ದ ‘ಚೇಸ್ಟ್’ ಎಂಬ ಶಲಾಕೆ ಹತ್ತು ಸಂವೇದಕಗಳನ್ನು ಹೊತ್ತು ಚಂದ್ರನ ಮಣ್ಣಿನಲ್ಲಿ 10 ಸೆಂಟಿಮೀಟರ್ ಆಳದವರೆಗೆ ಇಳಿಯಬಲ್ಲದಾಗಿತ್ತು. ಮೇಲ್ಮೈಯಲ್ಲಿ 20ರಿಂದ 30 ಡಿಗ್ರಿ ಇರಬಹುದೆಂದು ಎಲ್ಲರೂ ನಂಬಿದ್ದರು, ಆದರೆ 70 ಡಿಗ್ರಿ ಇದೆ ಎಂದು ಇಸ್ರೋದ ವಿಜ್ಞಾನಿಯೊಬ್ಬರು ಸುದ್ದಿಸಂಸ್ಥೆಗೆ ಅಚ್ಚರಿಯಿಂದ ತಿಳಿಸಿದರು. ಆ ಅಚ್ಚರಿ ಸಹಜವಾದದ್ದು, ಪ್ರಾಮಾಣಿಕವಾದದ್ದು. ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು ‘ಧ್ರುವದ ನೆಲ ಊಹಿಸಿದ್ದಕ್ಕಿಂತ ಬಿಸಿ’ ಎಂಬ ಸಾಮಾನ್ಯ ತೀರ್ಮಾನ. 2025ರ ಮಾರ್ಚ್‌ನಲ್ಲಿ ಬಂದ ಸಂಶೋಧನ ಪ್ರಬಂಧ ಬೇರೊಂದು ಕಥೆಯನ್ನು ಹೇಳಿತು. ಶಲಾಕೆ ಇಳಿದ ಜಾಗ ಸೂರ್ಯನ ಕಡೆಗೆ ಸುಮಾರು 6 ಡಿಗ್ರಿ ಓರೆಯಾಗಿತ್ತು. ಅಲ್ಲಿನ ಗರಿಷ್ಠ ಉಷ್ಣತೆ ಸುಮಾರು 82 ಡಿಗ್ರಿ ಸೆಲ್ಸಿಯಸ್. ಒಂದೇ ಮೀಟರ್ ಆಚೆ, ಸಮತಟ್ಟಾದ ಜಾಗದಲ್ಲಿ, ಅದು ಸುಮಾರು 59 ಡಿಗ್ರಿ. ಎಂದರೆ ಆ ಅಕ್ಷಾಂಶದಲ್ಲಿ ನೆಲದ ಓರೆ ತುಸು ಬದಲಾದರೂ ಉಷ್ಣತೆ ಬಹಳ ಬದಲಾಗುತ್ತದೆ. ಧ್ರುವದ ಕಡೆಗೆ 14 ಡಿಗ್ರಿಗಿಂತ ಹೆಚ್ಚು ಓರೆಯಾದ ಇಳಿಜಾರುಗಳಲ್ಲಿ ಹೆಚ್ಚು ಆಳಕ್ಕೆ ಹೋಗದೆಯೇ ಹಿಮ ಉಳಿದಿರುವ ಸಂಭವವಿದೆ ಎಂಬುದು ಪ್ರಬಂಧದ ಸಾರ. ಬಿಸಿಯ ಸುದ್ದಿಯಾಗಿ ಹೊರಟದ್ದು ತಂಪಿನ ಸಾಧ್ಯತೆಯಾಗಿ ಮುಗಿಯಿತು. ‘ಈ ಓರೆಯಲ್ಲಿ’ ಎಂಬ ಒಂದೇ ಪದದ ಮೇಲೆ ಅರ್ಥವೆಲ್ಲ ನಿಂತಿತ್ತು. ಮೊದಲ ಸುದ್ದಿಯನ್ನು ಓದಿದವರಲ್ಲಿ ಎರಡನೆಯದನ್ನು ಓದಿದವರು ಎಷ್ಟು ಮಂದಿ ಇದ್ದಾರು?

ಲಿಯೋಸ್‌ನಲ್ಲೇ ರೂಪುಗೊಂಡ ‘ಇಲ್ಸಾ’ ಎಂಬ ಕಂಪನಮಾಪಕದ ಪ್ರಸಂಗ ಇನ್ನೂ ಬೋಧಪ್ರದ. 2023ರ ಆಗಸ್ಟ್ 26ರಂದು ನೈಸರ್ಗಿಕವೆಂದು ತೋರುವ ಒಂದು ಘಟನೆ ದಾಖಲಾಗಿದೆ, ಅದರ ಮೂಲವನ್ನು ಪರಿಶೀಲಿಸಲಾಗುತ್ತಿದೆ ಎಂದು ಇಸ್ರೋ ಆಗಸ್ಟ್ 31ರಂದು ಹೇಳಿತು. ವಾಕ್ಯದಲ್ಲಿ ಎರಡು ಕಡಿವಾಣಗಳಿದ್ದವು. ಅನೇಕ ತಲೆಬರಹಗಳಲ್ಲಿ ಎರಡೂ ಬಿದ್ದುಹೋಗಿ ‘ಚಂದ್ರಕಂಪ ಪತ್ತೆ’ ಎಂಬ ಅರ್ಥವಷ್ಟೇ ಉಳಿಯಿತು. ಉಪಕರಣದ ಸುಮಾರು 190 ಗಂಟೆಗಳ ದತ್ತಾಂಶವನ್ನು ವಿಜ್ಞಾನಿಗಳು ಜಾಲಾಡಿ 2024ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 250ಕ್ಕೂ ಹೆಚ್ಚು ಕಂಪನಗಳು; ಅವುಗಳಲ್ಲಿ ಸುಮಾರು 200 ಪ್ರಜ್ಞಾನ್ ಬಂಡಿಯ ಚಲನೆಯಿಂದಲೋ ಇತರ ಉಪಕರಣಗಳ ಕೆಲಸದಿಂದಲೋ ಆದವು; ಉಳಿದ ಸುಮಾರು 50ಕ್ಕೆ ಕಾರಣ ಹೊಂದಿಸಲಾಗಿಲ್ಲ. ಅವು ಸಣ್ಣ ಉಲ್ಕಾಕಣಗಳ ಬಡಿತವಿರಬಹುದು, ಬಿಸಿ ತಂಪುಗಳಿಂದ ಮಣ್ಣು ಅಲುಗಿದ್ದಿರಬಹುದು, ನೌಕೆಯ ಭಾಗಗಳೇ ಹಿಗ್ಗಿ ಕುಗ್ಗಿದ್ದಿರಬಹುದು.

ಲೆಕ್ಕಪತ್ರ ಬರೆಯುವವರಿಗೆ ಈ ಕ್ರಮ ಬಹು ಪರಿಚಿತ. ಬ್ಯಾಂಕಿನ ಪಟ್ಟಿಯನ್ನು ಅಂಗಡಿಯ ರೋಕಡ ಪುಸ್ತಕದೊಡನೆ ತಾಳೆ ನೋಡಿ, ಹೊಂದಿದ ಕಲಮುಗಳ ಮುಂದೆ ಗುರುತು ಹಾಕಿ, ಹೊಂದದ ಮೊತ್ತವನ್ನು ಅನಾಮತ್ತು ಖಾತೆಯಲ್ಲಿ ಇರಿಸುವುದು ವ್ಯಾಪಾರದ ನೀತಿ. ಆ ಮೊತ್ತ ಕೈಯಲ್ಲಿದೆ, ಆದರೆ ಅದು ಯಾರದೆಂದು ಗೊತ್ತಿಲ್ಲ. ಅದನ್ನು ಲಾಭವೆಂದು ಬರೆದುಕೊಂಡವನು ಕಳ್ಳಲೆಕ್ಕ ಬರೆದಂತೆ. ಇಲ್ಸಾದ ವಿಜ್ಞಾನಿಗಳು 50 ಕಂಪನಗಳನ್ನು ಅನಾಮತ್ತಿನಲ್ಲಿ ಇಟ್ಟರು. ತಲೆಬರಹ ಬರೆದವರು ಅವನ್ನು ಮೊದಲ ದಿನವೇ ಲಾಭಕ್ಕೆ ಸೇರಿಸಿಬಿಟ್ಟಿದ್ದರು.

ವೈಟ್‌ಫೀಲ್ಡಿನ ಪ್ರಸಂಗದಲ್ಲಿ ಕಳಚಿದ ಪದ ‘ಕರಡು’. ಅಲ್ಲಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿ 2002ರಿಂದ ಕೆಲಸ ಮಾಡುತ್ತ ಬಂದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಸೇರಿ, ಮಾನವ ದೇಹದ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರ ಮೇ 29ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳ ಮಾದರಿಗಳಿಂದ 17,294 ವಂಶವಾಹಿಗಳ ಪ್ರೋಟೀನುಗಳನ್ನು, ಎಂದರೆ ಒಟ್ಟಿನಲ್ಲಿ ಶೇಕಡಾ 84ರಷ್ಟನ್ನು, ಗುರುತಿಸಿದ್ದಾಗಿ ಅದು ಹೇಳಿತು. ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್‌ನ ತಂಡ ಶೇಕಡಾ 92ರ ಲೆಕ್ಕವನ್ನು ಮುಂದಿಟ್ಟಿತು. ಭಾರತದ ನೆಲದಲ್ಲಿ ನಡೆದ ಅಪೂರ್ವ ಕಾರ್ಯವಿದು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಕೆಲವೇ ತಿಂಗಳಲ್ಲಿ ಸ್ಪೇನ್ ದೇಶದ ಸಂಶೋಧಕರು ಒಂದು ಸರಳ ಪರೀಕ್ಷೆ ನಡೆಸಿದರು. ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಮುಖ್ಯವಾಗಿ ಮೂಗಿನ ಒಳಪದರದಲ್ಲಿರುತ್ತವೆ. ಎರಡು ತಂಡಗಳ ಮಾದರಿಗಳಲ್ಲೂ ಆ ಅಂಗಾಂಶ ಇರಲಿಲ್ಲ. ಹಾಗಿದ್ದೂ ಎರಡು ನಕ್ಷೆಗಳಲ್ಲೂ ಅಂತಹ ಪ್ರೋಟೀನುಗಳು ನೂರಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ನಮೂದಾಗಿದ್ದವು. ಉಗ್ರಾಣದಲ್ಲಿ ಇಳಿಸಿಯೇ ಇಲ್ಲದ ಸರಕು ದಾಸ್ತಾನು ಪುಸ್ತಕದಲ್ಲಿ ಕಾಣಿಸಿದರೆ ಪರಿಶೋಧಕನು ಇಡೀ ಪುಸ್ತಕವನ್ನು ಮತ್ತೊಮ್ಮೆ ನೋಡಬೇಕೆನ್ನುತ್ತಾನೆ. ಸ್ಪೇನಿನವರು ಹೇಳಿದ್ದೂ ಅದನ್ನೇ. ಹೆಚ್ಚು ಕಟ್ಟುನಿಟ್ಟಿನ ನಿಯಮಗಳ ಪ್ರಕಾರ ಎಣಿಕೆ ಶೇಕಡಾ 90ನ್ನು ದಾಟಿತೆಂದು ಅಂತರರಾಷ್ಟ್ರೀಯ ಪ್ರೋಟೀನ್ ಸಂಶೋಧಕರ ಒಕ್ಕೂಟ ಘೋಷಿಸಿದ್ದು 2020ರಲ್ಲಿ. ಇದರಿಂದ ವೈಟ್‌ಫೀಲ್ಡಿನ ಕೆಲಸ ವ್ಯರ್ಥವಾಗಲಿಲ್ಲ. ಕರಡು ಎಂದು ಕರೆದದ್ದೇ ತಿದ್ದುಪಡಿಗೆ ಬಾಗಿಲು ತೆರೆದಿಡುವುದಕ್ಕಾಗಿ. ‘ಮಾನವ ಪ್ರೋಟೀನುಗಳ ನಕ್ಷೆ ಸಿದ್ಧ’ ಎಂದು ಓದಿ ತೃಪ್ತರಾದವರಿಗೆ ಮಾತ್ರ ಆ ಬಾಗಿಲು ಇದ್ದದ್ದೇ ತಿಳಿಯಲಿಲ್ಲ.

ಚಂದ್ರನ ಉಷ್ಣತೆಯನ್ನೋ ಪ್ರೋಟೀನಿನ ಸಂಖ್ಯೆಯನ್ನೋ ತಪ್ಪಾಗಿ ತಿಳಿದರೆ ಯಾರ ಮನೆಯೂ ಹಾಳಾಗದು ಎಂದು ಕೆಲವರು ಹೇಳಬಹುದು. ಎಲೆಕ್ಟ್ರಾನಿಕ್ ಸಿಟಿಯ ನಿದರ್ಶನ ಅವರಿಗೆ ಉತ್ತರ ಕೊಡುತ್ತದೆ. ಅಲ್ಲಿನ ಬಯೋಕಾನ್ ಕಂಪನಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು 2013ರಲ್ಲಿ ಮಾರುಕಟ್ಟೆಗೆ ತಂದಿದ್ದ ಇಟೊಲಿಜುಮ್ಯಾಬ್ ಔಷಧವನ್ನು ಕೋವಿಡ್‌ನಿಂದ ಉಸಿರಾಟ ಕೆಟ್ಟ ರೋಗಿಗಳಿಗೆ ನಿರ್ಬಂಧಿತ ತುರ್ತು ಬಳಕೆಯಲ್ಲಿ ಕೊಡಲು ಭಾರತದ ಔಷಧ ಮಹಾನಿಯಂತ್ರಕರು 2020ರ ಜುಲೈನಲ್ಲಿ ಅನುಮತಿ ನೀಡಿದರು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಇದ್ದವರು 30 ರೋಗಿಗಳು. ಔಷಧ ಪಡೆದ 20 ಮಂದಿಯೂ ಉಳಿದರು. ಪಡೆಯದ 10 ಮಂದಿಯಲ್ಲಿ 3 ಜನ ತೀರಿಕೊಂಡರು. ಈ ಸಂಖ್ಯೆಗಳು ಆಗಲೇ ಪತ್ರಿಕೆಗಳಲ್ಲಿ ಬಂದಿದ್ದವು. ಆದರೆ ಭಯದಿಂದ ತತ್ತರಿಸಿದ್ದ ಜನರ ಕಿವಿಗೆ ಬಿದ್ದದ್ದು ‘ಔಷಧ ಸಿಕ್ಕಿತು’ ಎಂಬ ಮಾತು.

ಅಲ್ಪಸ್ವಲ್ಪ ಗಣಿತ ಬಲ್ಲವರೂ ಈ ಸಂಖ್ಯೆಗಳನ್ನು ತೂಗಬಹುದಾಗಿತ್ತು. 30 ಜನರಲ್ಲಿ 3 ಸಾವುಗಳು ಕೇವಲ ಆಕಸ್ಮಿಕವಾಗಿ ಹಂಚಿಹೋಗಿದ್ದರೆ, ಮೂರೂ ಆ 10 ಜನರ ಗುಂಪಿನಲ್ಲೇ ಬೀಳುವ ಸಂಭವ 4,060ರಲ್ಲಿ 120, ಎಂದರೆ ನೂರಕ್ಕೆ ಸುಮಾರು 3. ಇದು ಗಮನಿಸಬೇಕಾದ ಫಲಿತಾಂಶವೇ ಸರಿ. ಆದರೆ ಔಷಧ ಪಡೆದ 20 ಜನರಲ್ಲಿ ಒಬ್ಬರು ತೀರಿಕೊಂಡಿದ್ದರೂ ಸಾಕಿತ್ತು, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ತೋರುವ ಸಂಭವ ನೂರಕ್ಕೆ 9ನ್ನು ದಾಟುತ್ತಿತ್ತು. ಒಂದೇ ಜೀವದ ಮೇಲೆ ಇಷ್ಟು ಓಲಾಡುವ ಫಲಿತಾಂಶ ಹೇಳುವುದು ‘ದೊಡ್ಡ ಪರೀಕ್ಷೆ ನಡೆಸಲು ಯೋಗ್ಯ’ ಎಂದು. ‘ರೋಗ ಗುಣವಾಗುತ್ತದೆ’ ಎಂದಲ್ಲ. ಸಾಕ್ಷ್ಯ ಸಾಲದೆಂದು ಕೇಂದ್ರದ ಕಾರ್ಯಪಡೆ ಅದನ್ನು ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಸೇರಿಸದಿರಲು ನಿರ್ಧರಿಸಿದ ವರದಿ ಅದೇ ತಿಂಗಳು ಬಂತು. ಒಂದು ಸೀಸೆಗೆ ಸುಮಾರು 8,000 ರೂಪಾಯಿ, ಸಾಮಾನ್ಯವಾಗಿ ನಾಲ್ಕು ಸೀಸೆ. ಆಸ್ಪತ್ರೆಯ ಹೊಸ್ತಿಲಲ್ಲಿ ನಿಂತು ಒಡವೆ ಅಡವಿಡುವ ಕುಟುಂಬಕ್ಕೆ ‘30 ಜನರಲ್ಲಿ’ ಎಂಬ ಪದ ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ಎಷ್ಟು ವ್ಯತ್ಯಾಸ!

ಹಾಗಾದರೆ ತಪ್ಪು ಯಾರದು? ಮೇಲಿನ ಪ್ರಸಂಗಗಳಲ್ಲಿ ಸಂಶೋಧಕರು ಬಹುಮಟ್ಟಿಗೆ ಮಿತಿಯನ್ನು ಹೇಳಿಯೇ ಇದ್ದರು. ದೋಷ ಹುಟ್ಟುವುದು ಮುಖ್ಯವಾಗಿ ಸಂಭಾಷಣೆ ನಡೆಯುವ ಸಮಯದಿಂದ. ಪ್ರಬಂಧ ಹೊರಬರುವ ದಿನವೇ, ಕೆಲವೊಮ್ಮೆ ಪ್ರಬಂಧಕ್ಕೂ ಮೊದಲೇ, ಮಾತು ನಡೆದುಹೋಗುತ್ತದೆ. ಪರಿಶೀಲನೆ ಮುಗಿದ ಮೇಲೆ ಮತ್ತೆ ಹೋಗಿ ಕೇಳುವವರಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ತನ್ನ ತ್ರೈಮಾಸಿಕ ಲೆಕ್ಕವನ್ನು ಪರಿಶೋಧನೆಗೆ ಮೊದಲು ಪ್ರಕಟಿಸಿದರೆ ‘ಪರಿಶೋಧನೆಗೆ ಒಳಪಡದ’ ಎಂಬ ಪದವನ್ನು ನೆತ್ತಿಯ ಮೇಲೆ ಅಚ್ಚು ಹಾಕಬೇಕು. ವರ್ಷಾಂತ್ಯಕ್ಕೆ ಪರಿಶೋಧಿತ ಲೆಕ್ಕವನ್ನೂ ಕೊಡಬೇಕು. ಹಣದ ವಿಷಯದಲ್ಲಿ ಸಮಾಜ ಇಷ್ಟು ಎಚ್ಚರ ವಹಿಸುತ್ತದೆ. ಜ್ಞಾನದ ವಿಷಯದಲ್ಲಿ ಇಂತಹ ಕಟ್ಟಳೆಯೇ ಇಲ್ಲ.

ಎರಡನೆಯ ದೋಷ ಭಾಷೆಗೆ ಸಂಬಂಧಿಸಿದ್ದು. ಸಾಧ್ಯತೆಯನ್ನು ಹೇಳುವುದಕ್ಕೆ ಕನ್ನಡದ ಕ್ರಿಯಾಪದದಲ್ಲೇ ಸಂಭಾವನಾರ್ಥಕವೆಂಬ ರೂಪವಿದೆ: ಬಂದಾನು, ಆದೀತು, ಇದ್ದೀತು. ‘ಇದೆ’, ‘ಇರಲೇಬೇಕು’, ‘ಇದ್ದಂತಿದೆ’, ‘ಇರಬಹುದು’, ‘ಇದ್ದೀತು’ ಎಂಬ ಮೆಟ್ಟಿಲುಗಳಲ್ಲಿ ನಿಶ್ಚಯದ ಪ್ರತಿ ಹಂತಕ್ಕೂ ಒಂದೊಂದು ನುಡಿಯಿದೆ. ಹಳ್ಳಿಯ ರೈತನು ಮೋಡ ನೋಡಿ ‘ಮಳೆ ಬಂದೀತು’ ಎನ್ನುವಾಗ ‘ಬರುತ್ತದೆ’ ಎನ್ನುವುದಿಲ್ಲ. ಬಿತ್ತನೆ ಬೀಜ ಅವನದು. ಇಷ್ಟು ಸಂಪತ್ತಿರುವ ಭಾಷೆಯಲ್ಲಿ ಶೋಧದ ವರದಿಗಳು ‘ಪತ್ತೆ’ ಮತ್ತು ‘ಸಾಬೀತು’ ಎಂಬ ಎರಡು ಪದಗಳಿಗೆ ಜೋತುಬಿದ್ದಿರುವುದು ವಿಷಾದದ ಸಂಗತಿ. ‘ಚಂದ್ರನಲ್ಲಿ ಕಂಪನ: ನೈಸರ್ಗಿಕವಿದ್ದೀತು’ ಎಂದು ಬರೆದರೆ ತಲೆಬರಹ ಉದ್ದವಾಗುವುದಿಲ್ಲ, ಕುತೂಹಲವೂ ಕೆಡುವುದಿಲ್ಲ.

ಸಾಮಾನ್ಯ ಓದುಗನಿಗೆ ಇಷ್ಟೆಲ್ಲ ಷರತ್ತುಗಳು ಜೀರ್ಣವಾಗುವುದಿಲ್ಲ ಎಂಬುದು ಪತ್ರಕರ್ತರ ಸಾಮಾನ್ಯ ಸಮಾಧಾನ. ಇದು ಓದುಗನಿಗೆ ಮಾಡುವ ಅಪಚಾರ. ಮಂಡಿಯಲ್ಲಿ ತೊಗರಿ ಕೊಳ್ಳುವವನು ತೂಕ ಚೀಲಸಹಿತವೋ ಚೀಲರಹಿತವೋ ಎಂದು ಕೇಳಿಯೇ ಕೊಳ್ಳುತ್ತಾನೆ. ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವ ಕಾರ್ಮಿಕನು ಅಳತೆಯ ಜತೆಗೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ನಕ್ಷೆಯಲ್ಲಿ ಬರೆದಿರದಿದ್ದರೆ ಕೆಲಸ ಶುರು ಮಾಡುವುದಿಲ್ಲ. ದಿನವಿಡೀ ಮಿತಿಯ ಲೆಕ್ಕದಲ್ಲೇ ಬದುಕುವ ಇವರಿಗೆ ವಿಜ್ಞಾನದ ಮಿತಿ ಅರ್ಥವಾಗದು ಎನ್ನುವುದು ಹೇಗೆ? ಎಚ್ಚರದ ಮಾತಿನಿಂದ ಮಕ್ಕಳ ಉತ್ಸಾಹ ಕುಂದೀತು ಎಂಬ ಇನ್ನೊಂದು ಆಕ್ಷೇಪಕ್ಕೂ ಬಲವಿಲ್ಲ. ಎಲ್ಲವೂ ಸಾಬೀತಾಗಿಬಿಟ್ಟಿದೆ ಎಂದು ಕೇಳಿದ ಮಗುವಿಗೆ ಮಾಡಲು ಉಳಿದಿರುವುದಾದರೂ ಏನು? ಕಾರಣ ತಿಳಿಯದ 50 ಕಂಪನಗಳು ಇನ್ನೂ ಇವೆ ಎಂದು ಕೇಳಿದ ಮಗುವಿಗೆ ಒಂದು ಕೆಲಸ ಕಾದಿರುತ್ತದೆ.

ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಶ್ರಾವಕಾಚಾರದಲ್ಲಿ ಅಚೌರ್ಯ ವ್ರತದ ಅತಿಚಾರವೆಂದು ಎಣಿಸಲಾಗಿದೆ. ಮಾತಿಗೂ ತೂಕವಿದೆಯೆಂದು ಒಪ್ಪಿದರೆ, ‘ಒಂದು ಅಪೇಕ್ಷೆಯಿಂದ’ ಎಂಬ ಕಟ್ಟನ್ನು ಬಿಚ್ಚಿ ಮಾತನ್ನು ಮಾರುವುದೂ ಅದೇ ಬಗೆಯ ದೋಷವೆಂದು ಒಪ್ಪಬೇಕಾಗುತ್ತದೆ. ಸ್ಯಾದ್ವಾದವನ್ನು ವಿಜ್ಞಾನ ಸಮರ್ಥಿಸಿತು ಎಂದು ಇದರಿಂದ ಬೀಗುವುದು ಸಲ್ಲದು. ಅದೂ ಷರತ್ತು ಕಳಚಿದ ಇನ್ನೊಂದು ತಲೆಬರಹವೇ ಆದೀತು.

ಆಗಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ಸಂದರ್ಶನ ನಡೆಸುವವರು ಸಂಶೋಧಕರನ್ನು ಬೀಳ್ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಅಚ್ಚು ಹಾಕಲಿ: ಇದು ಎಷ್ಟು ಮಾದರಿಗಳಿಂದ ಅಥವಾ ಎಷ್ಟು ಜಾಗದಿಂದ ತಿಳಿದದ್ದು? ಯಾವ ಬೇರೆ ಕಾರಣದಿಂದ ಇದೇ ಫಲಿತಾಂಶ ಬರಬಹುದಾಗಿತ್ತು? ಏನು ಕಂಡರೆ ಇದು ತಪ್ಪೆಂದು ಒಪ್ಪುತ್ತೀರಿ? ಸಂಶೋಧನ ಸಂಸ್ಥೆಗಳು ತಮ್ಮ ಪ್ರಕಟಣೆಯ ಮೊದಲ ಸಾಲಿನಲ್ಲೇ ‘ಪರಿಶೀಲನೆಗೆ ಒಳಪಡದ’ ಅಥವಾ ‘ಪರಿಶೀಲಿತ’ ಎಂದು ನಮೂದಿಸಲಿ. ಪತ್ರಿಕೆಗಳು ದೊಡ್ಡ ಸುದ್ದಿಯೊಂದು ಬಂದ ಎರಡನೆಯ ವರ್ಷದಲ್ಲಿ ಅದೇ ಸಂಶೋಧಕರ ಬಳಿಗೆ ಮತ್ತೆ ಹೋಗಿ, ಅಂದಿನ ಮಾತಿನಲ್ಲಿ ಎಷ್ಟು ಉಳಿಯಿತು, ಎಷ್ಟು ಬದಲಾಯಿತು ಎಂದು ಕೇಳಿ, ಮೊದಲ ಸುದ್ದಿಗೆ ಕೊಟ್ಟಷ್ಟೇ ಜಾಗ ಕೊಡಲಿ. ಓದುಗರೂ ಸುದ್ದಿ ಓದಿದಾಗ ‘ಯಾವ ಮಿತಿಯೊಳಗೆ?’ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ, ಬರೆಯುವವರಿಗೂ ಆ ಪದವನ್ನು ಬಿಟ್ಟು ಬರೆಯುವುದು ಸುಲಭವಾಗಲಾರದು.